ಲೇಹ್ ದಾರಿಯಲ್ಲಿ ಕೆಟ್ಟು ನಿಂತ ಮೋಟಾರು ಸೈಕಲ್ಲು

ಕುಲು ಕಣಿವೆಯ ಮನಾಲಿಯಿಂದ ಲಡಾಖಿನ ಲೇಹ್ ಪಟ್ಟಣಕ್ಕೆ ಹೋಗುವ ಹೆದ್ದಾರಿಯು ವರ್ಷದ ಅರ್ಧಕಾಲ ಹಿಮದ ಹೊದಿಕೆಯಡಿಯಲ್ಲಿ ನಿದ್ರಿಸುತ್ತದೆ. ಉಳಿದರ್ಧ ಕಾಲ ಮನುಷ್ಯನ ತಾಳ್ಮೆಯನ್ನು ಪರೀಕ್ಷಿಸುತ್ತದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರು. ಮನಾಲಿ ಪೇಟೆಯ ಬೀದಿಯೇ ಅದಕ್ಕಿಂತ ಮೇಲಿದೆ. ಅಂದಮೇಲೆ, ಚಿಕ್ಕಮಗಳೂರಿನವರು ಬೆಟ್ಟದ ತುದಿಯೆಂದು ಉಸಿರು ಬಿಡುವ ಎತ್ತರದಲ್ಲಿ ಈ ಪಯಣವು ಇನ್ನೂ ಆರಂಭವೇ ಆಗಿರುವುದಿಲ್ಲ. 2020ರ ಅಕ್ಟೋಬರಿನಲ್ಲಿ ತೆರೆದ 9 ಕಿಲೋಮೀಟರಿನ ಅಟಲ್ ಸುರಂಗವು ರೋಹ್‌ತಾಂಗ್ ಕಣಿವೆಯನ್ನು ಬಳಸಿ ಏರುವ ಶ್ರಮವನ್ನು ತಪ್ಪಿಸಿ, ದಾರಿಯನ್ನು 46 ಕಿಲೋಮೀಟರಿನಷ್ಟು ಕಡಮೆ ಮಾಡಿದೆ. ಆದರೂ ಮುಂದೆ ಸುಮಾರು 16,000 ಅಡಿಯ ಬಾರಾಲಾಚಾ, ಅದರಾಚೆ ನಕೀಲಾ, ಲಾಚುಲುಂಗ್, ಕೊನೆಗೆ 17,000 ಅಡಿಗೂ ಮೀರಿದ ತಾಂಗ್ಲಾಂಗ್ — ಇವಷ್ಟೂ ತಮ್ಮ ಕಂದಾಯವನ್ನು ವಸೂಲು ಮಾಡದೆ ಯಾರನ್ನೂ ಬಿಡುವುದಿಲ್ಲ.

ಬೇಸಿಗೆ ಬಂತೆಂದರೆ ಈ ದಾರಿಯಲ್ಲಿ ಮೋಟಾರು ಸೈಕಲ್ಲುಗಳದೇ ಸಾಮ್ರಾಜ್ಯ. ಬೆಂಗಳೂರಿನ ಕಚೇರಿಗಳಿಂದ ಹದಿನೈದು ದಿನದ ರಜೆ ಪಡೆದು, ಗಾಡಿಯನ್ನು ರೈಲಿನಲ್ಲಿ ದೆಹಲಿಗೋ ಚಂಡೀಗಢಕ್ಕೋ ಕಳುಹಿಸಿ, ತಾವೂ ಹಿಂಬಾಲಿಸಿ ಹೊರಡುವ ತರುಣರು ಅನೇಕರು. ಕೇಲಾಂಗ್ ಊರಿನ ಹೋಟೆಲುಗಳ ಮುಂದೆ ಸಾಲಾಗಿ ನಿಂತ ವಾಹನಗಳಲ್ಲಿ ‘ಕೆಎ’ ಅಕ್ಷರಗಳ ಫಲಕ ಕಂಡು, ಕನ್ನಡದಲ್ಲಿ ಮಾತಾಡಿಸಿಕೊಂಡು, ಒಂದೇ ಮೇಜಿಗೆ ಕುಳಿತು ಚಹಾ ಕುಡಿಯುವ ಅಪರಿಚಿತರೂ ಉಂಟು. ಈ ಗುಂಪಿನಲ್ಲಿ ಮದರಾಸಿನಲ್ಲಿ 1955ರಿಂದ ತಯಾರಾಗತೊಡಗಿದ ಬುಲೆಟ್ಟಿನ ವಂಶದವೇ ಹೆಚ್ಚು. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಹಳೆಯ ಜಾವಾ, ಯೆಜ್ಡಿಗಳನ್ನು ಮಮತೆಯಿಂದ ಕಾಪಾಡಿಕೊಂಡು ಅವುಗಳಲ್ಲೇ ಇಂಥ ದೂರಕ್ಕೆ ಹೊರಡುವ ಹಟವಾದಿಗಳೂ ಇಲ್ಲದಿಲ್ಲ.

ಕೇಲಾಂಗಿಗೆ ಮುನ್ನ ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿ ಎಂಬ ಸ್ಥಳದಲ್ಲಿ ಒಂದು ಪೆಟ್ರೋಲು ಬಂಕು ಇದೆ. ಮುಂದಿನ ಬಂಕು 365 ಕಿಲೋಮೀಟರು ದೂರದಲ್ಲಿದೆ ಎಂಬ ಫಲಕ ಬಹುಕಾಲ ಅಲ್ಲಿ ನಿಂತಿತ್ತು. ಆ ಫಲಕದ ಪಕ್ಕದಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಳ್ಳದೆ ಮುಂದುವರಿದವರು ವಿರಳ. ಆದರೆ ಅದರ ಅರ್ಥ ಪೆಟ್ರೋಲಿಗಷ್ಟೇ ಸೀಮಿತವಲ್ಲವೆಂಬುದು ನಗುತ್ತ ನಿಂತವರಿಗೆ ಆ ಕ್ಷಣದಲ್ಲಿ ಹೊಳೆಯುವುದಿಲ್ಲ. ಬಂಕಿಲ್ಲದ ಕಡೆ ರಿಪೇರಿಯ ಅಂಗಡಿಯೂ ಇರುವುದಿಲ್ಲವಷ್ಟೆ. ನಡುದಾರಿಯಲ್ಲಿ ಡೇರೆ ಹಾಕಿದ ಢಾಬಾದವರು ಕೊಡಬಲ್ಲುದು ಬಿಸಿ ಅನ್ನ, ಬೇಳೆ, ಕಂಬಳಿ; ಹೆಚ್ಚೆಂದರೆ ಒಂದು ತುಂಡು ತಂತಿ. ದೂರವಾಣಿ ಅನೇಕ ಕಡೆ ಕೈಕೊಡುತ್ತದೆ.

ಇಂಥ ಎಡೆಯಲ್ಲಿ ಗಾಡಿ ಕೆಡುವುದಕ್ಕೆ ಕಾರಣಗಳನ್ನು ಹುಡುಕಬೇಕಾಗಿಲ್ಲ. ಅವು ತಾವೇ ಬಂದು ಸೇರುತ್ತವೆ. ಮೊದಲನೆಯದು ಗಾಳಿ. ಐದು ಸಾವಿರ ಮೀಟರಿನ ಎತ್ತರದಲ್ಲಿ ವಾಯುವಿನ ಒತ್ತಡ ಕಡಲತೀರದ ಅರ್ಧಕ್ಕಿಂತ ತುಸುವೇ ಹೆಚ್ಚು. ಕಾರ್ಬುರೇಟರುಳ್ಳ ಹಳೆಯ ಎಂಜಿನ್ನಿಗೆ ಇದು ತಿಳಿಯದು. ಬೆಂಗಳೂರಿನಲ್ಲಿ ಕಲಿತ ಪಾಠದಂತೆಯೇ ಅದು ಪೆಟ್ರೋಲನ್ನು ಹೀರುತ್ತದೆ, ಉರಿಯಲು ಸಾಕಷ್ಟು ಗಾಳಿಯಿಲ್ಲದೆ ಪ್ಲಗ್ಗು ಮಸಿ ಹಿಡಿಯುತ್ತದೆ, ಗಾಡಿ ಕೆಮ್ಮುತ್ತ ನಿಲ್ಲುತ್ತದೆ. ಹೊಸ ಗಾಡಿಗಳ ವಿದ್ಯುತ್ ನಿಯಂತ್ರಿತ ಇಂಧನ ವ್ಯವಸ್ಥೆ ಗಾಳಿಯನ್ನು ಅಳೆದು ಪೆಟ್ರೋಲು ಬಿಡುವುದರಿಂದ ಈ ರೋಗ ಅವಕ್ಕಿಲ್ಲ. ಆದರೆ ಶಕ್ತಿಯ ಕುಂದು ಅವಕ್ಕೂ ತಪ್ಪದು. ಆಗ ಸವಾರನು ಕ್ಲಚ್ಚನ್ನು ಅರ್ಧ ಒತ್ತಿಹಿಡಿದು ಎಂಜಿನ್ನನ್ನು ಗೋಳಾಡಿಸುತ್ತ ಏರಿಸುತ್ತಾನೆ. ಹತ್ತಾರು ತಿರುವು ಕಳೆಯುವಷ್ಟರಲ್ಲಿ ಕ್ಲಚ್ಚಿನ ಬಿಲ್ಲೆಗಳು ಸುಟ್ಟು ವಾಸನೆ ಬರುತ್ತದೆ.

ಎರಡನೆಯದು ನೀರು. ಹಿಮ ಕರಗಿ ರಸ್ತೆಯನ್ನು ಅಡ್ಡಹಾಯ್ದು ಹರಿಯುವ ತೊರೆಗಳಿಗೆ ಅಲ್ಲಿ ‘ನಾಲಾ’ ಎನ್ನುತ್ತಾರೆ. ಮುಂಜಾನೆ ಮೊಣಗಂಟಿನಷ್ಟಿದ್ದ ನಾಲಾ, ದಿನವೆಲ್ಲ ಬಿಸಿಲು ಕಾದು ಹಿಮವನ್ನು ಕರಗಿಸಿದ ಮೇಲೆ, ಅಪರಾಹ್ನಕ್ಕೆ ಮೊಣಕಾಲನ್ನೂ ಮೀರಿ ಭೋರ್ಗರೆಯುತ್ತದೆ. ಆದುದರಿಂದಲೇ ಬಲ್ಲವರು ನಸುಕಿನಲ್ಲೇ ಹೊರಡುತ್ತಾರೆ. ತಡವಾಗಿ ಎದ್ದವನ ಗಾಡಿ ತೊರೆಯ ನಡುವೆ ಉರುಳುಗಲ್ಲಿಗೆ ತಾಗಿ ಬಿದ್ದು, ನೀರನ್ನು ನುಂಗಿ ಮೂಕವಾಗುತ್ತದೆ.

ಈಗ ಅದನ್ನು ಎಳೆಯಬೇಕು. ಎಳೆಯುವ ವಿದ್ಯೆ ನೋಡಿದಷ್ಟು ಸುಲಭವಲ್ಲ. ಕಾರನ್ನು ಎಳೆದಂತೆ ಎರಡೂ ತುದಿಗಳನ್ನು ಬಿಗಿದು ಹೊರಟರೆ ಹಿಂದಿನವನು ಮೊದಲ ಹತ್ತು ಮಾರಿನಲ್ಲೇ ನೆಲ ಕಾಣುವುದು ಖಂಡಿತ. ಕಾರಿಗೆ ನಾಲ್ಕು ಕಾಲು, ಮೋಟಾರು ಸೈಕಲ್ಲಿಗೆ ಎರಡು. ಜಗ್ಗುವ ಹಗ್ಗ ಅದರ ಸಮತೋಲದ ಶತ್ರು. ಅದಕ್ಕಾಗಿ ಅನುಭವಿಗಳು ಹಗ್ಗವನ್ನು ಎಳೆಯುವ ಗಾಡಿಯ ಹಿಂಬದಿಗೆ ಮಾತ್ರ, ಆದಷ್ಟು ನಡುಮಧ್ಯದಲ್ಲಿ, ಭದ್ರವಾಗಿ ಕಟ್ಟುತ್ತಾರೆ. ಹಿಂದಿನ ಗಾಡಿಯಲ್ಲಿ ಅದನ್ನು ಹ್ಯಾಂಡಲಿನ ಬುಡಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ಸವಾರನು ಎಡಗೈಯಲ್ಲಿ ಅದುಮಿ ಹಿಡಿಯುತ್ತಾನೆ. ಎಂಜಿನ್ನೇ ನಡೆಯದಿರುವಾಗ ಕ್ಲಚ್ಚಿನ ಕೈಗೆ ಬೇರೆ ಕೆಲಸವೂ ಇಲ್ಲ. ಗಾಡಿ ವಾಲಿತೋ, ಕೈ ಸಡಿಲಿಸಿದರೆ ಸಾಕು. ಸುತ್ತು ಬಿಚ್ಚಿಕೊಂಡು ಹಗ್ಗ ಓಡಿಹೋಗುತ್ತದೆ, ಸವಾರ ಉಳಿಯುತ್ತಾನೆ. ಗಂಟು ಹಾಕಿದ ಹಗ್ಗಕ್ಕೆ ಈ ದಯೆಯಿಲ್ಲ.

ಹೊರಡುವಾಗ ಮುಂದಿನವನು ಹಗ್ಗ ಬಿಗಿಯುವವರೆಗೆ ಆಮೆಯಂತೆ ತೆವಳಬೇಕು. ಆಮೇಲೆ ಅದು ಸಡಿಲವಾಗದಂತೆ ನೋಡಿಕೊಳ್ಳುವ ಹೊಣೆ ಹಿಂದಿನವನದು; ಹಿಂಗಾಲಿಯ ಬ್ರೇಕನ್ನು ಹೂವಿನಂತೆ ತಾಕಿಸುತ್ತ ಅವನು ಹಗ್ಗವನ್ನು ಸದಾ ಬಿಗಿಯಾಗಿಡುತ್ತಾನೆ. ಜೋತುಬಿದ್ದ ಹಗ್ಗ ಮುಂಗಾಲಿಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು. 1989ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ರಸ್ತೆ ನಿಯಮಾವಳಿಯಲ್ಲಿ ಎರಡು ವಾಹನಗಳ ನಡುವಿನ ಅಂತರ 5 ಮೀಟರು ಮೀರಬಾರದು, ವೇಗ ಗಂಟೆಗೆ 24 ಕಿಲೋಮೀಟರು ದಾಟಬಾರದು, ಹಗ್ಗ ಇತರರ ಕಣ್ಣಿಗೆ ಸ್ಪಷ್ಟವಾಗಿ ಕಾಣುವಂತಿರಬೇಕು ಎಂದೆಲ್ಲ ವಿಧಿಸಿದ್ದರು. 2017ರಲ್ಲಿ ಅದರ ಸ್ಥಾನಕ್ಕೆ ಬೇರೆ ನಿಯಮಾವಳಿ ಬಂದಿದೆ. ಈ ದಾರಿಯಲ್ಲಿ ಗಂಟೆಗೆ 24 ಕಿಲೋಮೀಟರಿನ ವೇಗದಲ್ಲಿ ಎಳೆಯಬಲ್ಲವನು ಸಿಕ್ಕರೆ ಅವನಿಗೆ ಬುದ್ಧಿ ಹೇಳುವುದಕ್ಕಿಂತ ಪದಕ ಕೊಡುವುದೇ ಮೇಲು.

ಸಾರ್ಚುವಿನ ಬಯಲನ್ನು ಹಿಂದೆ ಬಿಟ್ಟು, ಹಿಮಾಚಲದ ಗಡಿ ದಾಟಿ ಲಡಾಖಿಗೆ ಸೇರಿದ ಸ್ವಲ್ಪ ಹೊತ್ತಿನಲ್ಲೇ ‘ಗಾಟಾ ಲೂಪ್ಸ್’ ಎಂಬ ತಿರುವುಗಳು ಎದುರಾಗುತ್ತವೆ. ಆಗುಂಬೆಯ ಘಾಟಿಯ ಹದಿನಾಲ್ಕು ತಿರುವುಗಳನ್ನು ಹತ್ತಿ ಬಲ್ಲವರು ಇಲ್ಲಿ ಇಪ್ಪತ್ತೊಂದನ್ನು ಎಣಿಸಬೇಕು. ಆಗುಂಬೆಯಲ್ಲಿ ಮರಗಳ ತಂಪು, ಮಳೆಯ ಹನಿ, ಕಾಡುಹಕ್ಕಿಯ ಕೂಗು ಜೊತೆಗಿರುತ್ತವೆ. ಇಲ್ಲಿ ಹುಲ್ಲಿನ ಎಸಳೂ ಅಪರೂಪ. ಬೋಳುಗುಡ್ಡದ ಮೈಮೇಲೆ ಯಾರೋ ದಾರವನ್ನು ಮಡಿಸಿ ಮಡಿಸಿ ಇಟ್ಟಂತೆ ರಸ್ತೆ ಸುಮಾರು 1,500 ಅಡಿ ಮೇಲೇರುತ್ತದೆ.

ಇಲ್ಲಿ ಒಂದು ಮೋಟಾರು ಸೈಕಲ್ಲನ್ನು ಇನ್ನೊಂದು ಮೋಟಾರು ಸೈಕಲ್ಲಿನಿಂದ ಎಳೆಯಲೆತ್ನಿಸುವುದು ಅವಿವೇಕವೇ ಸರಿ. ಎಳೆಯುವ ಗಾಡಿ ತನ್ನ ಭಾರವನ್ನೇ ಹೊರಲಾರದೆ ಏದುತ್ತಿರುತ್ತದೆ. ಅದಕ್ಕೆ ಇನ್ನೂ ನೂರೆಂಬತ್ತು ಕಿಲೋಗ್ರಾಮಿನ ಗಾಡಿಯನ್ನೂ ಸವಾರನನ್ನೂ ಗಂಟುಹಾಕಿದರೆ ಸಂಜೆಯ ಹೊತ್ತಿಗೆ ಸುಟ್ಟ ಕ್ಲಚ್ಚು ಒಂದರ ಬದಲು ಎರಡಾಗುತ್ತದೆ. ತಿರುವಿನ ತೊಂದರೆ ಬೇರೆ. ಮುಂದಿನ ವಾಹನ ತಿರುಗಿ ಮೇಲಣ ಹಾದಿಗೆ ಮುಖ ಮಾಡಿದಾಗ ಹಿಂದಿನದು ಇನ್ನೂ ಕೆಳಗಣ ಹಾದಿಯಲ್ಲೇ ಇರುತ್ತದೆ. ಹಗ್ಗ ತಿರುವನ್ನು ಕತ್ತರಿಸಿಕೊಂಡು ಗಾಡಿಯನ್ನು ಒಳಬದಿಯ ಬಂಡೆಗೆ ಜಗ್ಗುತ್ತದೆ. ಆದುದರಿಂದ ಪ್ರತಿ ತಿರುವಿನಲ್ಲೂ ಹಗ್ಗ ಬಿಚ್ಚಿ, ಗಾಡಿಯನ್ನು ತೋಳಬಲದಿಂದ ತಿರುಗಿಸಿ, ಮತ್ತೆ ಕಟ್ಟಬೇಕು. ನಾಲ್ಕು ಹೆಜ್ಜೆಗೆ ಎದೆ ಡವಗುಟ್ಟುವ, ತಲೆ ಸಿಡಿಯುವ ಆ ಎತ್ತರದಲ್ಲಿ ಇದನ್ನು ಇಪ್ಪತ್ತೊಂದು ಸಲ ಮಾಡಿದವನಿಗೆ ಗಾಡಿಗಿಂತ ಮೊದಲು ವೈದ್ಯನೇ ಬೇಕಾದಾನು.

ಮೇಲಿನ ತಿರುವೊಂದರ ಬದಿಯಲ್ಲಿ ಕಲ್ಲಿನ ಪುಟ್ಟ ಗುಡಿಯಿದೆ. ಅದರ ಸುತ್ತ ನೀರು ತುಂಬಿದ ಪ್ಲಾಸ್ಟಿಕ್ಕು ಬಾಟಲಿಗಳ ರಾಶಿ. ನಡುನಡುವೆ ಬಿಸ್ಕತ್ತಿನ ಪೊಟ್ಟಣ, ಬೀಡಿಯ ಕಟ್ಟು. ಲಾರಿಯವರು ಹೇಳುವ ಕಥೆ ಹೀಗೆ: ಚಳಿಗಾಲ ಮೊದಲಾಗುವ ಹೊತ್ತಿನಲ್ಲಿ, ದಾರಿ ಮುಚ್ಚುವ ಮುನ್ನ ಹೊರಟ ಕೊನೆಯ ಲಾರಿಯೊಂದು ಅಲ್ಲಿ ಕೆಟ್ಟು ನಿಂತಿತು. ಚಾಲಕನು ಸಹಾಯ ತರುವೆನೆಂದು ನಡೆದುಹೋದ. ಮೈ ಸರಿಯಿಲ್ಲದ ಕ್ಲೀನರು ಸರಕಿನ ಕಾವಲಿಗೆ ಉಳಿದ. ಹಿಮ ಬಿದ್ದು ದಾರಿ ಕಟ್ಟಿತು. ಹಲವು ದಿನಗಳ ಮೇಲೆ ಚಾಲಕ ಜನರನ್ನು ಕರೆದುಕೊಂಡು ಬಂದಾಗ ಹುಡುಗ ಚಳಿಯಿಂದ, ನೀರಡಿಕೆಯಿಂದ ತೀರಿಕೊಂಡಿದ್ದ. ಅನಂತರ ಆ ತಿರುವಿನಲ್ಲಿ ಒಬ್ಬ ಹುಡುಗ ಕೈಚಾಚಿ ನೀರು ಕೇಳುತ್ತಾನೆಂಬ ಮಾತು ಹುಟ್ಟಿತು. ಕಥೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಭೂತದಲ್ಲಿ ನಂಬಿಕೆಯಿಲ್ಲದ ಸವಾರರೂ ಗಾಡಿ ನಿಲ್ಲಿಸಿ ಒಂದು ಬಾಟಲಿ ಇಟ್ಟು ಹೋಗುವುದನ್ನು ಕಾಣಬಹುದು. ಬಿಸಿಲಿಗೆ ಮಸುಕಾದ ಆ ಬಾಟಲಿಗಳು ಬೆಟ್ಟದ ಅಂದವನ್ನು ಕೆಡಿಸುತ್ತವೆಂದು ಆಕ್ಷೇಪಿಸುವವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ.

ಈ ಕಥೆಯನ್ನು ಬಲ್ಲ ಲಾರಿ ಚಾಲಕನು ರಸ್ತೆಯಂಚಿನಲ್ಲಿ ನಿಂತ ಗಾಡಿಯನ್ನು ಕಂಡು ವಿಚಾರಿಸದೆ ಹೋಗುವುದು ಅಪರೂಪ. ಅವನಿಗೂ ತಾಂಗ್ಲಾಂಗ್ ದಾಟುವ ಆತುರವಿರುತ್ತದೆ, ಸರಕು ಮುಟ್ಟಿಸುವ ಗಡುವಿರುತ್ತದೆ. ಆದರೂ ಬ್ರೇಕು ಒತ್ತುತ್ತಾನೆ. ಲಾರಿಯಲ್ಲಿ ಎಡೆಯಿದ್ದರೆ ಗಾಡಿಯನ್ನು ಹಗ್ಗದಿಂದ ಎಳೆಯುವ ಮಾತೇ ಇಲ್ಲ, ಮೇಲಕ್ಕೇ ಏರಿಸಿಬಿಡುತ್ತಾರೆ. ರಸ್ತೆಯ ಬದಿಯಲ್ಲಿ ಲಾರಿಯ ಹಲಗೆಯ ಎತ್ತರಕ್ಕೆ ಸರಿಯಾದ ದಿಬ್ಬವೊಂದನ್ನು ಹುಡುಕಿ, ಲಾರಿಯನ್ನು ಹಿಂದಕ್ಕೆ ತಂದು ಅದಕ್ಕೆ ಆನಿಸಿ, ನಡುವೆ ಮರದ ಹಲಗೆ ಹಾಸಿ ನಾಲ್ಕು ಜನ ನೂಕುತ್ತಾರೆ. ಪೆಟ್ರೋಲಿನ ನಲ್ಲಿ ಮುಚ್ಚಿ, ಕೆಳಗೆ ಹಳೆಯ ಟೈರು ಕೊಟ್ಟು, ಎರಡೂ ಮಗ್ಗುಲಿಗೆ ಹಗ್ಗ ಬಿಗಿದರೆ ಗಾಡಿ ಸಂತೆಗೆ ಹೊರಟ ಎಮ್ಮೆಯಂತೆ ಸುಮ್ಮನೆ ನಿಂತಿರುತ್ತದೆ.

ಎಡೆಯಿಲ್ಲದಿದ್ದರೆ ಎಳೆಯುವುದೊಂದೇ ಗತಿ. ಲಾರಿಯ ಹಿಂದೆ ಹೋಗುವವನಿಗೆ ದಿಕ್ಕೆಲ್ಲ ಧೂಳು ಮತ್ತು ಹೊಗೆ. ಕಲ್ಲು ಚಕ್ರದಡಿಗೆ ಬಂದ ಮೇಲೆಯೇ ಕಾಣುವುದು. ಮೇಲಾಗಿ ಚಾಲಕನಿಗೆ ಹಿಂದಿನವನು ಕಾಣಿಸುವುದಿಲ್ಲ, ಅವನ ಕೂಗೂ ಕೇಳಿಸುವುದಿಲ್ಲ. ಅದಕ್ಕಾಗಿ ಒಬ್ಬನು ಲಾರಿಯ ಹಿಂಬದಿಯಲ್ಲಿ ಕುಳಿತು ಕಣ್ಣಿಟ್ಟಿರಬೇಕು. ಬಸ್ಸಿನ ಕಂಡಕ್ಟರು ಸೀಟಿ ಊದುವಂತೆ, ಮೊದಲೇ ಮಾತಾಡಿಕೊಂಡಂತೆ ಹಲಗೆಯನ್ನು ಬಡಿದು ನಿಲ್ಲೆಂದೋ ಹೋಗೆಂದೋ ತಿಳಿಸಬೇಕು.

ಪಾಂಗ್ ದಾಟಿದ ಮೇಲೆ ಬರುವ ಮೋರೆ ಬಯಲಿನಲ್ಲಿ ಬವಣೆಯ ರೂಪವೇ ಬೇರೆ. ಸುಮಾರು 40 ಕಿಲೋಮೀಟರು ಚಪ್ಪಟೆಯಾದ ನೆಲ, ಎರಡೂ ಕಡೆ ಕಂದುಬಣ್ಣದ ಬೆಟ್ಟ, ದೂರದಲ್ಲಿ ಚಾಂಗ್‌ಪಾ ಜನರ ಕುರಿಮಂದೆ. ಇಲ್ಲಿ ಹಗ್ಗವೂ ಬೇಡ. ಗೆಳೆಯನು ಕೆಟ್ಟ ಗಾಡಿಯ ಬಲಗಡೆ ತುಸು ಹಿಂದಾಗಿ ಬಂದು, ಎಡಗಾಲನ್ನು ಅದರ ಹಿಂದಿನ ಕಾಲ್ಮೆಟ್ಟಿಗೆ ಕೊಟ್ಟು ನೂಕುತ್ತ ಹೋಗಬಹುದು. ಪೆಟ್ರೋಲು ಮುಗಿದ ಸ್ಕೂಟರನ್ನು ಬೆಂಗಳೂರಿನ ಬೀದಿಗಳಲ್ಲಿ ಹೀಗೆ ತಳ್ಳಿಕೊಂಡು ಹೋಗುವ ದೃಶ್ಯ ಓದುಗರಿಗೆ ಹೊಸದಲ್ಲ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೂ ಬ್ರೇಕು ಎಡಗಾಲಿಗೂ ಇದ್ದುದರಿಂದ, ಅಂಥ ಗಾಡಿಯಲ್ಲಿ ಕುಳಿತು ಈ ಉಪಕಾರಕ್ಕೆ ಹೊರಟವನು ಬ್ರೇಕಿನ ಕಾಲನ್ನೇ ಪರರಿಗೆ ದಾನ ಮಾಡಿದಂತಾಗುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ಬಯಲು ಮುಗಿದರೆ ತಾಂಗ್ಲಾಂಗಿನ ಏರು. ಮತ್ತೆ ಲಾರಿಯೇ ಬೇಕು. ನೆತ್ತಿಯಲ್ಲಿ ಬೌದ್ಧರ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಪಟಪಟಿಸುತ್ತವೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು. ಹಗ್ಗ ಬಿಚ್ಚಿದರೆ ಅಲ್ಲಿಂದಾಚೆಗೆ ಎಳೆಯುವವಳು ಭೂಮಿತಾಯಿ. ಆದರೆ ಎಂಜಿನ್ನಿನ ಹಿಡಿತವಿಲ್ಲದ ಗಾಡಿಗೆ ಇಳಿಜಾರಿನಲ್ಲಿ ಬ್ರೇಕೊಂದೇ ಆಧಾರ. ಎಡೆಬಿಡದೆ ಒತ್ತಿದರೆ ಅದು ಕಾದು ಸೋಲುತ್ತದೆ. ಆಗಾಗ ನಿಂತು ಆರಿಸಿಕೊಳ್ಳುತ್ತ ಇಳಿಯಬೇಕು. ರುಮ್ತ್ಸೆಯ ಬಳಿ ಹಸಿರು ಬಾರ್ಲಿಯ ಗದ್ದೆಗಳು ಕಣ್ಣಿಗೆ ಬೀಳುತ್ತವೆ, ಗ್ಯಾ ಗ್ರಾಮದ ಬಿಳಿಯ ಸ್ತೂಪಗಳು ಹಿಂದೆ ಸರಿಯುತ್ತವೆ. ನೇರಿಳೆ ಬಣ್ಣದ ಬಂಡೆಗಳ ನಡುವಣ ಇಕ್ಕಟ್ಟಿನಿಂದ ಹೊರಬಿದ್ದರೆ ಉಪ್ಶಿ. ಎದುರಿಗೆ ಸಿಂಧೂ ನದಿ.

ಅಲ್ಲಿಂದ ಲೇಹ್ ಸುಮಾರು 50 ಕಿಲೋಮೀಟರು. ಕೊನೆಯ ಬಾರಿಗೆ ಹಗ್ಗ ಕಟ್ಟಿ, ನದಿಯ ದಡದುದ್ದಕ್ಕೂ ತೆವಳಿ, ಪೇಟೆಯ ರಿಪೇರಿ ಅಂಗಡಿಯ ಮುಂದೆ ಲಾರಿ ನಿಲ್ಲುತ್ತದೆ. ಸವಾರನು ಹಣಕ್ಕಾಗಿ ಜೇಬು ತಡಕುವಷ್ಟರಲ್ಲಿ ಕ್ಲೀನರು ಹುಡುಗ ಕೆಳಗಿಳಿದು, ಧೂಳು ಕೊಡವಿ, ಹಗ್ಗವನ್ನು ಮೊಣಕೈಗೆ ಸುತ್ತಿ ಸುರುಳಿ ಮಾಡಿ, ತನ್ನ ಸೀಟಿನ ಹಿಂದಿನ ಗೂಟಕ್ಕೆ ನೇತುಹಾಕಿರುತ್ತಾನೆ.