ಹಂತಗಳಿಲ್ಲದ ಉತ್ತರ

ಗಣಿತ ಕಲಿಸುವವರಿಗೆಲ್ಲ ಇದು ಗೊತ್ತಿರುವ ಸಂಗತಿ. ಉತ್ತರ ಸರಿಯಾಗಿರುತ್ತದೆ, ಆದರೆ ನಡುವಿನ ಹಂತಗಳೇ ಇರುವುದಿಲ್ಲ. 2019ರ ಓಣಂ ಪರೀಕ್ಷೆಯಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹೀಗೇ ಬರೆದಿದ್ದ. ಸಮೀಕರಣ ಜೋಡಿಯ ಲೆಕ್ಕ. ‘ಪೆನ್ನು 10 ರೂ., ಪುಸ್ತಕ 20 ರೂ.’ ಎಂದಷ್ಟೇ ಇತ್ತು. ಐದರಲ್ಲಿ ಒಂದು ಅಂಕ ಕೊಟ್ಟೆ.

“ಮನಸ್ಸಲ್ಲೇ ಮಾಡಿದೆ ಸರ್” ಅಂದ.

“ನೀನೇ ಮಾಡಿದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು?” ಅಂದೆ. ಅವನು ಪೇಪರು ಮಡಚಿಕೊಂಡು ಹೋದ. ನಾನೂ ಮರೆತೆ.

ನನಗೊಂದು ಸೈಕಲ್ ಹುಚ್ಚು ಇದೆ. ಅದೇ ವರ್ಷ ನವೆಂಬರಿನಲ್ಲಿ ಮಂಗಳೂರಿನಿಂದ ಹೊರಡುವ 200 ಕಿ.ಮೀ. ಸವಾರಿಗೆ ಹೆಸರು ಕೊಟ್ಟಿದ್ದೆ. ‘ಬ್ರೆವೆ’ ಅನ್ನುತ್ತಾರೆ. ಇದು ಓಟದ ಸ್ಪರ್ಧೆಯಲ್ಲ. ಮೊದಲ ಸ್ಥಾನ, ಎರಡನೇ ಸ್ಥಾನ ಅಂತ ಇಲ್ಲ. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ, 300 ಆದರೆ 20 ಗಂಟೆ, 600 ಆದರೆ 40 ಗಂಟೆಯೊಳಗೆ ಮುಗಿಸಬೇಕು, ಅಷ್ಟೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿ.ಮೀ. ಉದ್ದದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಗೆ ಹೋಗಬೇಕಾದವರು ಇಂಥವನ್ನು ಮೊದಲು ಮುಗಿಸಿರಬೇಕು.

ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ಕೇಳಿದ್ದರು, “ಅಷ್ಟು ದೂರ ಹೋದದ್ದು ಅವರಿಗೆ ಹೇಗೆ ಗೊತ್ತಾಗ್ತದೆ ಸರ್? ನಡುವೆ ಬಸ್ಸಿಗೆ ಹಾಕಿಕೊಂಡು ಹೋದರೆ?”

ಪ್ರಶ್ನೆ ಹಳೆಯದೇ. 1904ರ ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಮೊದಲ ನಾಲ್ಕೂ ಸ್ಥಾನದವರನ್ನು ಮೋಸದ ಕಾರಣಕ್ಕೆ ತಿಂಗಳುಗಳ ನಂತರ ಪಟ್ಟಿಯಿಂದ ತೆಗೆದುಹಾಕಿದರು. ಸವಾರರು ರೈಲು, ಕಾರು ಹತ್ತಿದ್ದರೆಂಬ ಆರೋಪಗಳೂ ಆ ವರ್ಷ ಬಂದಿದ್ದವು. ಐದನೆಯವನಾಗಿ ಬಂದಿದ್ದ 19 ವರ್ಷದ ಆನ್ರಿ ಕಾರ್ನೆ ವಿಜೇತನಾದ. ಇಂದು ಜಗತ್ತಿನಾದ್ಯಂತ ಬ್ರೆವೆಗಳನ್ನು ಮಾನ್ಯ ಮಾಡುವ ಪ್ಯಾರಿಸ್ಸಿನ ಓಡಾಕ್ಸ್ ಕ್ಲಬ್ ಹುಟ್ಟಿದ್ದೂ ಅದೇ 1904ರಲ್ಲಿ.

ಬ್ರೆವೆಯಲ್ಲಿ ಪ್ರತಿ ಸವಾರನಿಗೂ ಒಂದು ಕಾರ್ಡು ಕೊಡುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ‘ಕಂಟ್ರೋಲ್’ ಎಂಬ ತಪಾಸಣಾ ಜಾಗಗಳು. ಪ್ರತಿಯೊಂದಕ್ಕೂ ತೆರೆಯುವ ಸಮಯ, ಮುಚ್ಚುವ ಸಮಯ ಇರುತ್ತದೆ. ಅಲ್ಲಿ ಜನ ಇದ್ದರೆ ಮುದ್ರೆ ಹಾಕಿ ಸಮಯ ಬರೆಯುತ್ತಾರೆ. ಇಲ್ಲದಿದ್ದರೆ ಅಂಗಡಿಯ ಬಿಲ್ಲೋ ಎಟಿಎಂ ಚೀಟಿಯೋ ತರಬೇಕು, ಊರು ಮತ್ತು ಸಮಯ ಅದರಲ್ಲಿ ಅಚ್ಚಾಗಿರಬೇಕು. ಕೆಲವೆಡೆ ‘ಮೈಲಿಗಲ್ಲಿನ ಮೇಲೆ ಏನು ಬರೆದಿದೆ?’ ಎಂಬಂಥ ಪ್ರಶ್ನೆ ಕೇಳಿರುತ್ತಾರೆ. ಮೊದಲೇ ತಿಳಿಸದ ಗುಪ್ತ ತಪಾಸಣೆಯೂ ಉಂಟು. ಈಗ ಕೆಲವು ಕಡೆ ಫೋನಿನಲ್ಲೇ ಎಲ್ಲ ದಾಖಲಾಗುತ್ತದೆ.

ಕಂಟ್ರೋಲುಗಳನ್ನು ಎಲ್ಲೆಂದರಲ್ಲಿ ಇಡುವುದಿಲ್ಲ. ನಮ್ಮ ದಾರಿ ಮಂಗಳೂರಿನಿಂದ ಪಡುಬಿದ್ರಿ, ಅಲ್ಲಿಂದ ಒಳಗೆ ತಿರುಗಿ ಕಾರ್ಕಳ, ಮತ್ತೆ ಉಡುಪಿ, ಕೋಟದವರೆಗೆ ಹೋಗಿ ಹೆದ್ದಾರಿಯಲ್ಲಿ ವಾಪಸು. ಪಡುಬಿದ್ರಿಯಿಂದ ನೇರ ಉಡುಪಿಗೆ ಹೋದರೆ 30 ಕಿ.ಮೀ.ಗೂ ಹೆಚ್ಚು ಉಳಿಯುತ್ತದೆ. ಕಾರ್ಕಳದ ಏರೂ ತಪ್ಪುತ್ತದೆ. ಹಾಗಾಗಿ ಕಾರ್ಕಳದಲ್ಲಿ ಒಂದು ಕಂಟ್ರೋಲ್. ಎಲ್ಲಿ ಅಡ್ಡದಾರಿ ಇದೆಯೋ ಅಲ್ಲೇ ಸಾಕ್ಷಿ ಬೇಕು.

ಕಾರ್ಕಳಕ್ಕೆ ಹೋದೆ. ಒಂದು ಹೋಟೆಲಿನಲ್ಲಿ ಬನ್ಸ್ ತಿಂದು, ಚಹಾ ಕುಡಿದು, ಬಿಲ್ಲು ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿದೆ. ಕಾರ್ಡಿನಲ್ಲಿ ಸಮಯ ಬರೆದೆ. ಅದೇ ಜೇಬಿನಲ್ಲಿ ಮೊಣಕಾಲಿಗೆ ನೋವಿನೆಣ್ಣೆ ಹಚ್ಚಿ ಒರೆಸಿದ ಕರವಸ್ತ್ರವೂ ಇತ್ತು... ಈ ಬಿಲ್ಲುಗಳು ಶಾಯಿಯಲ್ಲಿ ಅಚ್ಚಾದವಲ್ಲ. ಬಿಸಿಗೆ ಕಪ್ಪಾಗುವ ಲೇಪದ ಕಾಗದ, ಎಣ್ಣೆ ತಾಗಿದರೆ ಅಕ್ಷರ ಅಳಿಯುತ್ತದೆ. ಹನ್ನೆರಡೂಮುಕ್ಕಾಲು ಗಂಟೆಗೆ ಮಂಗಳೂರು ಮುಟ್ಟಿ ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಬಿಳಿ ಚೀಟಿ. ಫೋಟೋ ಇದ್ದರೂ ನಡೆಯುತ್ತಿತ್ತೋ ಏನೋ, ಚಾರ್ಜು ಉಳಿಸಲೆಂದು ಫೋನು ಬಂದ್ ಮಾಡಿಟ್ಟಿದ್ದೆ.

ಕಾರ್ಡು ನೋಡುತ್ತಿದ್ದ ಹುಡುಗ ನನ್ನ ಅರ್ಧ ವಯಸ್ಸಿನವನು. “ನಿಮ್ಮ ಮೇಲೆ ಸಂಶಯ ಅಲ್ಲ ಸರ್. ಆದರೆ ಕಾರ್ಕಳದ್ದು ಏನೂ ಇಲ್ಲವಲ್ಲ” ಅಂದ.

ಪಕ್ಕದಲ್ಲಿದ್ದ ಸವಾರರೊಬ್ಬರು ನನ್ನನ್ನು ಆಚೆ ಕರೆದು ಮೆಲ್ಲನೆ ಹೇಳಿದರು, “ನನ್ನ ಹತ್ರ ಅದೇ ಹೋಟೆಲಿನ ಎರಡು ಬಿಲ್ಲು ಉಂಟು. ಎರಡು ಸಲ ಚಹಾ ಕುಡಿದದ್ದು. ಒಂದು ನೀವು ಇಟ್ಕೊಳ್ಳಿ ಸರ್. ನೀವು ಬಂದದ್ದನ್ನು ನಾನೇ ನೋಡಿದ್ದೇನಲ್ಲ!”

ಸುಳ್ಳು ಹೇಳುವುದಿಲ್ಲ, ಆ ಬಿಲ್ಲು ನನ್ನ ಕೈಗೆ ಬಂದಿತ್ತು. ಹೋಟೆಲು ಅದೇ, ಸಮಯವೂ ಹತ್ತು ನಿಮಿಷದ ವ್ಯತ್ಯಾಸ. ನಾನು ಹೋದದ್ದೂ ನಿಜ. ಆದರೆ ಆ ಚಹಾ ನನ್ನದಲ್ಲ. ಪಕ್ಕದವನ ಪೇಪರಿನಿಂದ ಹಂತಗಳನ್ನು ಇಳಿಸಿಕೊಂಡ ಹಾಗೆ ಅನ್ನಿಸಿತು. ವಾಪಸು ಕೊಟ್ಟೆ. ನನ್ನ ಸವಾರಿ ಮಾನ್ಯವಾಗಲಿಲ್ಲ.

ಕೊನೆಯ ರೈಲು ಹಿಡಿದು ಮನೆಗೆ ಬರುವಾಗ ಸಿಟ್ಟು ಯಾರ ಮೇಲೆ ಎಂದೇ ಗೊತ್ತಾಗಲಿಲ್ಲ. ಆ ಹುಡುಗ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ತರಗತಿಯಲ್ಲಿ ಹೇಳುವುದೂ ಅದನ್ನೇ. ಆದರೆ ಅವನು “ನಿಮ್ಮ ಮೇಲೆ ಸಂಶಯ ಅಲ್ಲ” ಎಂಬ ಒಂದು ಮಾತನ್ನಾದರೂ ಹೇಳಿದ್ದ. ನಾನು ಅದನ್ನೂ ಹೇಳಿರಲಿಲ್ಲ.

ಸೋಮವಾರ ಮಕ್ಕಳು “ಪದಕ ಎಲ್ಲಿ ಸರ್?” ಎಂದು ಸುತ್ತುವರಿದರು. ನಡೆದದ್ದನ್ನೆಲ್ಲ ಹೇಳಿದೆ. ಅವನು ಹಿಂದಿನ ಬೆಂಚಿನಿಂದ ಕೇಳಿದ, “ಹೋದದ್ದು ಹೌದಲ್ವಾ ಸರ್?”

ಅವನನ್ನು ಕರಿಹಲಗೆಯ ಹತ್ತಿರ ಕರೆದು ಅಂಥದ್ದೇ ಲೆಕ್ಕ ಕೊಟ್ಟೆ. 2 ಪೆನ್ನು, 3 ಪುಸ್ತಕಕ್ಕೆ 80 ರೂ.; 2 ಪೆನ್ನು, 5 ಪುಸ್ತಕಕ್ಕೆ 120 ರೂ. ಅವನು ಎಕ್ಸೂ ಬರೆಯಲಿಲ್ಲ, ವೈಯೂ ಬರೆಯಲಿಲ್ಲ. “ಎರಡು ಪುಸ್ತಕ ಹೆಚ್ಚಾದ್ದಕ್ಕೆ ನಲ್ವತ್ತು ರೂಪಾಯಿ ಹೆಚ್ಚಾಯ್ತಲ್ಲ ಸರ್. ಹಾಗಾದರೆ ಒಂದಕ್ಕೆ ಇಪ್ಪತ್ತು” ಅಂದ.

ಅದೇ ಹಂತ. ಅವನ ತಲೆಯಲ್ಲಿತ್ತು, ಕಾಗದದ ಮೇಲೆ ಇರಲಿಲ್ಲ, ಅಷ್ಟೆ. ಅಂಕಪಟ್ಟಿ ಆಗಲೇ ಕಚೇರಿಗೆ ಹೋಗಿತ್ತು, ತಿದ್ದಲಾಗಲಿಲ್ಲ. ಆದರೆ ಎಲ್ಲರೆದುರು “ಅವತ್ತೂ ನೀನೇ ಮಾಡಿದ್ದು. ನಾನು ಕೇಳಬೇಕಿತ್ತು, ಕೇಳಲಿಲ್ಲ” ಅಂದೆ. ಮತ್ತೆ ಇದನ್ನೂ ಹೇಳಿದೆ, “ಇನ್ನು ಮುಂದೆ ನೀನು ಈಗ ಹೇಳಿದ್ದನ್ನೇ ಒಂದು ಸಾಲು ಬರೆದುಬಿಡು. ಪೇಪರು ನೋಡುವವರ ಹತ್ತಿರ ಬಂದು ಹೇಳಲಿಕ್ಕೆ ಎಲ್ಲಾ ಸಲ ಆಗುವುದಿಲ್ಲ.”

2020ರ ಜನವರಿಯಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋದೆ. ಈ ಸಲ ಬಿಲ್ಲನ್ನು ಬೇರೆಯೇ ಕವರಿನಲ್ಲಿಟ್ಟೆ. ಸಾಲದ್ದಕ್ಕೆ ಹೋಟೆಲಿನವರ ಹತ್ತಿರ ಕಾರ್ಡಿನಲ್ಲಿ ಒಂದು ಸಹಿಯನ್ನೂ ಕೇಳಿದೆ.

“ಎಂತಕ್ಕೆ ಸಹಿ?”

“ನಾನು ಇಲ್ಲಿಗೆ ಬಂದಿದ್ದೆ ಅಂತ.”

“ಬಂದದ್ದು ಕಾಣ್ತಾ ಉಂಟಲ್ಲ ಮಾರಾಯ್ರೆ!” ಎಂದು ನಗುತ್ತಾ ಸಹಿ ಹಾಕಿಕೊಟ್ಟರು.

ಕಾರ್ಡು ದಾಖಲೆಗೆಂದು ಹೋಗುವ ಮೊದಲು ಅದರ ಫೋಟೋ ತೆಗೆದು ತರಗತಿಯಲ್ಲಿ ತೋರಿಸಿದೆ. ಎಲ್ಲರೂ ಕೊನೆಯ ಮುದ್ರೆಯನ್ನು ನೋಡಿದರು. ಅವನೊಬ್ಬ ಕಾರ್ಕಳದ ಚೌಕವನ್ನು ಹುಡುಕಿ ನೋಡಿದ.