ಬೆಂಗಳೂರ ಪಕ್ಕದವರು

ನಾವು ನಾಲ್ವರು. ಒಬ್ಬ ಚನ್ನಪಟ್ಟಣದವನು, ಒಬ್ಬ ಕನಕಪುರದವನು, ಇನ್ನೊಬ್ಬ ಮಾಗಡಿಯವನು, ನಾನು ರಾಮನಗರದವನು. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಒಂದೇ ಹೆಸರಿನ ಹುಡುಗರು ಮೂರು ಮೂರು ಜನ ಇದ್ದದ್ದರಿಂದ ನಮ್ಮನ್ನು ತಾಲ್ಲೂಕು ಹಿಡಿದೇ ಕರೆಯುತ್ತಿದ್ದರು. ಮೆಲ್ಬರ್ನಿಗೆ ಓದಲು ಹೊರಟಾಗ ಆ ರೂಢಿಯೂ ಜೊತೆಗೇ ಬಂತು. “ಮಾಗಡಿ, ಹಾಲು ಮುಗ್ದೈತೆ ಕಣ್ಲಾ”, “ಕನಕಪುರ ಇನ್ನೂ ಮಲಗವ್ನೆ”, “ಚನ್ನಪಟ್ಟಣ ಬಾತ್‌ರೂಮಲ್ಲವ್ನೆ”. ನಮ್ಮ ಬಾಡಿಗೆ ಮನೆಯ ಅಡುಗೆಕೋಣೆ ಬೆಳಗಿನ ಹೊತ್ತು ಕಂಡಕ್ಟರುಗಳು ಕೂಗುವ ಬಸ್ ಸ್ಟ್ಯಾಂಡಿನ ಹಾಗಿರುತ್ತಿತ್ತು.

ಹೊಸ್ತಿಲು ದಾಟಿದ ಕೂಡಲೇ ಮಾತ್ರ ನಾಲ್ಕೂ ತಾಲ್ಲೂಕು ಮಾಯ. ಟ್ರಾಮಿನಲ್ಲಿ, ಬ್ಯಾಂಕಿನಲ್ಲಿ, ಸಿಮ್ ಕಾರ್ಡಿನ ಅಂಗಡಿಯಲ್ಲಿ ಯಾರಾದರೂ ಎಲ್ಲಿಯವರೆಂದು ಕೇಳಿದರೆ ಮೂವರು ಒಂದೇ ಉಸಿರಿಗೆ “ಬ್ಯಾಂಗಳೂರ್” ಅನ್ನುತ್ತಿದ್ದೆವು. ಚನ್ನಪಟ್ಟಣದವನು ಸ್ವಲ್ಪ ಆತ್ಮಸಾಕ್ಷಿಯ ಮನುಷ್ಯ, “ನಿಯರ್ ಬ್ಯಾಂಗಳೂರ್” ಅನ್ನುತ್ತಿದ್ದ. ಅರವತ್ತು ಕಿಲೋಮೀಟರ್ ದೂರವನ್ನು ಹತ್ತಿರ ಅನ್ನಬಹುದೇ ಎಂದು ಅಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಅದು ಅಡ್ಡಡ್ಡ ನಾಲ್ಕು ಸಾವಿರ ಕಿಲೋಮೀಟರ್ ಇರುವ ದೇಶ; ಅಲ್ಲಿ ಅರವತ್ತು ಕಿಲೋಮೀಟರ್ ಅಂದರೆ ಪಕ್ಕದ ಮನೆ.

ಸತ್ಯ ಹೇಳದೆ ವಿಧಿಯಿಲ್ಲದ ಜಾಗವೊಂದು ಇತ್ತು. ವಿಮಾನ ಇಳಿಯುವ ಮುಂಚೆ ಕೈಗೆ ಕೊಡುವ ಕಾರ್ಡು. ಬೇಟೆಯ ಶೋಕಿಗೆಂದು 1859ರಲ್ಲಿ ವಿಕ್ಟೋರಿಯದ ಒಬ್ಬ ಜಮೀನ್ದಾರ ತರಿಸಿ ಬಿಟ್ಟ ಒಂದಷ್ಟು ಮೊಲಗಳು ಖಂಡವನ್ನೇ ಮೇಯ್ದುಬಿಟ್ಟ ಮೇಲೆ ಆ ದೇಶಕ್ಕೆ ಹೊರಗಿನಿಂದ ಬರುವ ಹುಳ, ಬೀಜ, ಮಣ್ಣು, ಮರ ಯಾವುದರ ಮೇಲೂ ನಂಬಿಕೆಯಿಲ್ಲ. ಕಾರ್ಡಿನಲ್ಲಿ ಒಂದು ಪ್ರಶ್ನೆ: ಕಳೆದ 30 ದಿನಗಳಲ್ಲಿ ಜಮೀನು, ಸಾಕುಪ್ರಾಣಿ, ಕಾಡು, ಕೆರೆತೊರೆಗಳ ಸಂಪರ್ಕಕ್ಕೆ ಬಂದಿದ್ದೀರಾ? ಕನಕಪುರದವನು ಪೆನ್ನು ಹಿಡಿದು ಕೂತೇಬಿಟ್ಟ. ಅವನ ಮನೆ ಇರುವುದೇ ಹಿಪ್ಪುನೇರಳೆ ತೋಟದೊಳಗೆ. ಪಡಸಾಲೆಯಲ್ಲಿ ರೇಷ್ಮೆಹುಳು, ಹಿತ್ತಲಲ್ಲಿ ಹಸು, ಬೇಲಿಯಾಚೆ ಹಳ್ಳ, ಹಳ್ಳದಾಚೆ ಆನೆ ಇಳಿಯುವ ಕಾಡು. “ಸಂಪರ್ಕಕ್ಕೆ ಬಂದಿದ್ದೀರಾ ಅಂತ ಕೇಳ್ತಾವ್ರಲ್ಲೋ, ನಾನು ಯಾವತ್ತು ಸಂಪರ್ಕ ಬಿಟ್ಟಿದ್ದೆ?” ಅಂದ. ಕೊನೆಗೆ ಹೌದು ಎಂದು ಗುರುತು ಹಾಕಿದ. ಅಧಿಕಾರಿಣಿ ಅವನ ಬೂಟು ಬಿಚ್ಚಿಸಿ, ಅಡಿ ತಿರುಗಿಸಿ ನೋಡಿ, ಒಳಗೊಯ್ದು ತೊಳೆದು ಒರೆಸಿ ತಂದುಕೊಟ್ಟರು. “ನಮ್ಮವ್ವನೂ ಹಿಂಗೆ ತೊಳ್ಕೊಟ್ಟಿರ್ಲಿಲ್ಲ ಕಣ್ರಲಾ” ಎಂದು ಅವನು ಭಾವುಕನಾದ. ಆಸ್ಟ್ರೇಲಿಯದ ಬಗ್ಗೆ ಅವನಿಗೆ ಮೂಡಿದ ಒಳ್ಳೆಯ ಅಭಿಪ್ರಾಯ ಅವತ್ತಿನಿಂದ ಕದಲಿಲ್ಲ.

ಮಾಗಡಿಯವನ ಅಜ್ಜಿ ಕಟ್ಟಿಕೊಟ್ಟಿದ್ದ ರಾಗಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ ಪಾರಾದವು. ಹುರುಳಿಕಾಳು ತೊಟ್ಟಿ ಸೇರಿತು. ನೆಟ್ಟರೆ ಮೊಳೆಯುವಂಥದ್ದು ಅದು. ಆಮೇಲೆ ಚನ್ನಪಟ್ಟಣದವನ ಸರದಿ. ಊರಿನ ಮರ್ಯಾದೆ ಉಳಿಸಲು ಅವನು ಚೀಲದ ತುಂಬ ಬೊಂಬೆ ತಂದಿದ್ದ: ಬುಗುರಿ, ಗಿಲಕಿ, ತಲೆಯಾಡಿಸುವ ಮದುಮಗ ಮದುಮಗಳು. ಮರ ಎಂದು ಬರೆದ ಮೇಲೆ ಯಾವ ಮರ ಎಂದು ಕೇಳದೆ ಬಿಡುತ್ತಾರೆಯೇ? ಅವನು ಶುರು ಹಚ್ಚಿಕೊಂಡ. ಹಾಲೆಮರ, ಒಣಗಿಸಿದ್ದು, ಲೇತಿನ ಮೇಲೆ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ, ಮಗು ಬಾಯಿಗಿಟ್ಟರೂ ತೊಂದರೆಯಿಲ್ಲ, ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಹಿಂದೆ ಸಾಲು ಬೆಳೆಯಿತು. ಆಕೆ ಬೊಂಬೆಯನ್ನು ದೀಪದ ಕೆಳಗೆ ಹಿಡಿದು ಹುಳು ಕೊರೆದ ತೂತು ಹುಡುಕಿದರು, ತೊಗಟೆ ಉಳಿದಿದೆಯೇ ನೋಡಿದರು, ಬುಗುರಿಯೊಂದನ್ನು ಮೇಜಿನ ಮೇಲೆ ಒಮ್ಮೆ ತಿರುಗಿಸಿಯೂ ನೋಡಿದರು. ಅದು ತಪಾಸಣೆಯ ಭಾಗವಾಗಿತ್ತೆಂದು ನನಗೆ ಅನ್ನಿಸುವುದಿಲ್ಲ.

ಮನೆ ಸೇರಿದ ಸಂಜೆ ಬಾಗಿಲು ತೆಗೆದರೆ ನೆಗಡಿಯ ವಾಸನೆ. ಅಂದರೆ ನೆಗಡಿಯಾದಾಗ ಅಜ್ಜಿ ಹಂಡೆನೀರಿಗೆ ಹಾಕಿ, ಕಂಬಳಿ ಹೊದಿಸಿ ಉಸಿರೆಳೆಸುತ್ತಿದ್ದ ಸೊಪ್ಪಿನ ವಾಸನೆ. ಬೀದಿಯುದ್ದಕ್ಕೂ ನೀಲಗಿರಿ ಮರಗಳು. ನಾವು ಮೂವರು ಊರಿನವರು ಸಿಕ್ಕರೆಂದು ಖುಷಿಪಟ್ಟೆವು, ಮಾಗಡಿಯವನ ಮುಖ ಮಾತ್ರ ಗಂಟಾಯಿತು. ಅವರ ಕಡೆ ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಭರಾಟೆಯಲ್ಲಿ ಹೊಲಹೊಲಕ್ಕೂ ನೀಲಗಿರಿ ಬಂತು. ನೀರು ಕಟ್ಟುವಂತಿಲ್ಲ, ಕಾಯುವಂತಿಲ್ಲ, ಕಡಿದರೆ ದುಡ್ಡು. ರಾಗಿ ಹೋಯಿತು, ಮಕ್ಕಳು ಬೆಂಗಳೂರಿಗೆ ಹೋದರು, ಬೋರ್‌ವೆಲ್ ಆಳಕ್ಕೆ ಹೋಯಿತು. ಹೊಸದಾಗಿ ನೆಡಬಾರದೆಂದು ಸರ್ಕಾರ ಹೇಳಿದ್ದು 2017ರಲ್ಲಿ. ಅವನು ರಸ್ತೆಗಿಳಿದು ಒಂದು ಮರದ ಮುಂದೆ ನಿಂತು, “ನಮ್ಮಪ್ಪನ ಮೂರು ಬೋರ್‌ವೆಲ್ ನುಂಗ್ದೋನು ನೀನೇ ಅಲ್ವೇನ್ಲಾ?” ಎಂದು ಕೇಳಿದ. ನಾಯಿ ತಿರುಗಾಡಿಸಲು ಬಂದಿದ್ದ ಮುದುಕರೊಬ್ಬರು ನಿಂತು ನೋಡಿ, ನಮಸ್ಕರಿಸುವವರ ಹಾಗೆ ತಲೆ ಬಾಗಿಸಿ ಮುಂದೆ ಹೋದರು. ಪೂಜೆ ಅಂದುಕೊಂಡಿರಬೇಕು.

ಮರದ ಪರವಾಗಿಯೂ ಒಂದು ಮಾತಿದೆ. ತನ್ನೂರಲ್ಲಿ ಅದು ತೀರ ಸಭ್ಯಸ್ಥ. ಅಲ್ಲಿ ಅದರ ಎಲೆ ತಿನ್ನಲು ಕೋಆಲಾ ಇದೆ, ತೊಗಟೆಯ ಸಂದಿಗೆ ಹುಳ, ಹುಳಕ್ಕೆ ಹಕ್ಕಿ, ಆಗಾಗ ಬಂದು ಸುಟ್ಟು ಹೋಗಲು ಕಾಳ್ಗಿಚ್ಚು ಇದೆ. ನಮ್ಮಲ್ಲಿ ಹಸುವೂ ಮೂಸದ ಎಲೆ ಅದು. ಕೇಳುವವರಿಲ್ಲದ ಊರಿಗೆ ಹೋದರೆ ಸಾಧುವೂ ಸ್ವಲ್ಪ ಮೆರೆಯುತ್ತಾನೆ. ಇದನ್ನು ಹೇಳಿದಾಗ ಮಾಗಡಿಯವನು ನನ್ನ ಜೊತೆ ಆ ರಾತ್ರಿ ಊಟಕ್ಕೆ ಕೂರಲಿಲ್ಲ.

ಅದು 2025ರ ಫೆಬ್ರುವರಿ, ಅವರಿಗೆ ಬೇಸಿಗೆ. ರಾತ್ರಿ ಎಂಟಾದರೂ ಬಿಸಿಲು ಗೋಡೆ ಬಿಟ್ಟಿಳಿಯುತ್ತಿರಲಿಲ್ಲ. ಮುದ್ದೆ ಉಣ್ಣುವ ಹೊತ್ತು ಯಾವುದೆಂದು ಹೊಟ್ಟೆಗೇ ತಿಳಿಯದು. ಊರಿಗಿಂತ ಗಡಿಯಾರ ಐದೂವರೆ ಗಂಟೆ ಮುಂದೆ. ಕನಕಪುರದವನು ಈ ಗೊಂದಲವನ್ನೆಲ್ಲ ಬದಿಗಿಟ್ಟು ತನ್ನದೇ ಪಂಚಾಂಗ ಇಟ್ಟುಕೊಂಡ. ನಾವು ಹೊರಟಾಗ ಅವರ ಮನೆಯಲ್ಲಿ ಆಗತಾನೇ ಚಾಕಿ ಹುಳು, ಅಂದರೆ ರೇಷ್ಮೆಯ ಮರಿಹುಳು ತಂದಿದ್ದರು. ಅವರವ್ವ ಬೆಳಗಿನ ಐದಕ್ಕೆ ಸೊಪ್ಪು ಕೊಯ್ಯಲು ಎದ್ದವರು ಫೋನು ಮಾಡುತ್ತಿದ್ದರು, ಇಲ್ಲಿ ಹತ್ತೂವರೆ. “ಎರಡನೇ ಜ್ವರಕ್ಕೆ ಕೂತವೆ ಕಣಪ್ಪ.” ರೇಷ್ಮೆಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಸುಮ್ಮನೆ ಕೂರುತ್ತದಲ್ಲ, ಅದೇ ಜ್ವರ. ನಾಲ್ಕು ಜ್ವರ ಕಳೆದು ಹಣ್ಣಾದರೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು. ಹೀಗಾಗಿ ನಮಗೆ ಬ್ಯಾಂಕಿನ ಖಾತೆ ಆದದ್ದು ಎರಡನೇ ಜ್ವರದಲ್ಲಿ, ವಿಶ್ವವಿದ್ಯಾಲಯದ ಗುರುತಿನ ಚೀಟಿ ಮೂರನೇ ಜ್ವರದಲ್ಲಿ. ನಾಲ್ಕನೆಯದರಲ್ಲಿ ಚನ್ನಪಟ್ಟಣದವನಿಗೆ ನಿಜವಾಗಿಯೇ ಜ್ವರ ಬಂತು, ಸೊಪ್ಪು ಹಾಕುವವರಿಲ್ಲದೆ ಎರಡು ದಿನ ಮಲಗಿದ್ದ. ಹುಳು ಹಣ್ಣಾಗುವ ಹೊತ್ತಿಗೆ ಕನಕಪುರದವನಿಗೆ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಪಾಠ ನಡೆಯುವಾಗ ವಿದ್ಯಾರ್ಥಿಗಳು ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಬಾಡಿಗೆಗೆ ಕಮ್ಮಿ ಬಿದ್ದದ್ದು ನಮ್ಮೂರ ಗೂಡಿನ ಮಾರ್ಕೆಟ್ಟಿನಿಂದ ಬರಬೇಕು. ರಾಮನಗರದಲ್ಲಿ ಹರಾಜಿನ ದರ ಏರಿತೋ ಇಳಿಯಿತೋ ಎಂದು ಮೆಲ್ಬರ್ನಿನ ಟ್ರಾಮಿನಲ್ಲಿ ಕೂತು ಮೊಬೈಲು ನೋಡುವ ಜನ ಇನ್ನೆಷ್ಟಿದ್ದಾರೋ. ವಿದೇಶಿ ವಿದ್ಯಾಭ್ಯಾಸ ಎಂದು ಪತ್ರಿಕೆಗಳು ಬರೆಯುವಾಗ ಬ್ಯಾಂಕ್ ಸಾಲದ ಮಾತು ಬರುತ್ತದೆ, ಹುಳುವಿನ ಮಾತು ಬರುವುದಿಲ್ಲ.

ಹಿಂದಿನ ಕೋಣೆಯಲ್ಲಿ ಪರ್ತ್ ಊರಿನ ಒಬ್ಬ ಹುಡುಗನಿದ್ದ, ಭೂವಿಜ್ಞಾನ ಓದುವವನು. ಹಳೆಯ ಕಾರಿತ್ತು ಅವನ ಹತ್ತಿರ. ತರಗತಿ ಶುರುವಾಗುವ ಮುಂಚೆ ಒಂದು ಭಾನುವಾರ ನಮ್ಮನ್ನು ಹ್ಯಾಂಗಿಂಗ್ ರಾಕ್ ನೋಡಲು ಕರೆದುಕೊಂಡು ಹೋದ. ಮೆಲ್ಬರ್ನಿನಿಂದ ವಾಯವ್ಯಕ್ಕೆ ಎಪ್ಪತ್ತು ಕಿಲೋಮೀಟರ್. ಬಯಲಿನ ನಡುವೆ ನೂರು ಮೀಟರಿನಷ್ಟು ಎದ್ದು ನಿಂತ ಕಂಬಕಂಬದ ಕಲ್ಲುಗುಡ್ಡೆ. ಕಾರಿಳಿಯುತ್ತಿದ್ದಂತೆ ನಮ್ಮ ತಾಲ್ಲೂಕುಗಳು ಎಚ್ಚೆತ್ತವು. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಸಾವನದುರ್ಗದ ಬುಡದಲ್ಲಿ ಬೆಳೆದ ಮಾಗಡಿಯವನು ಕತ್ತೆತ್ತಿ ನೋಡಿ, “ಇಷ್ಟೇನಾ?” ಅಂದ. ಕ್ವಾರಿಗಳ ಸದ್ದು ಕೇಳಿ ಬೆಳೆದ ಕನಕಪುರದವನು ಬೆರಳಿನಲ್ಲಿ ತಟ್ಟಿ, “ಪಾಲಿಶ್ ಕೂರಲ್ಲ ಇದಕ್ಕೆ” ಎಂದು ತೀರ್ಪು ಕೊಟ್ಟ.

ನನಗೆ ಮಾತ್ರ ಎದೆ ಝಲ್ಲೆಂದಿತ್ತು. ಈ ಕಲ್ಲಿಗೂ ನಮ್ಮ ರಾಮದೇವರ ಬೆಟ್ಟಕ್ಕೂ ಒಂದೇ ವರ್ಷ ಹೆಸರು ಬಂತು, ಸಿನಿಮಾದಿಂದಲೇ ಬಂತು. ಇಲ್ಲಿ ಚಿತ್ರೀಕರಿಸಿದ ಪೀಟರ್ ವೇರ್ ಅವರ ‘ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್’ ಅಡಿಲೇಡಿನಲ್ಲಿ ಮೊದಲು ತೆರೆಕಂಡದ್ದು 1975ರ ಆಗಸ್ಟ್ 8ಕ್ಕೆ. ಒಂದು ವಾರ ಕಳೆದು ಆಗಸ್ಟ್ 15ಕ್ಕೆ ನಮ್ಮ ಬೆಟ್ಟದ ‘ಶೋಲೆ’. ಜೋನ್ ಲಿಂಡ್ಸೆ ಬರೆದ ಕಾದಂಬರಿಯಿಂದ ಮಾಡಿದ ಇಲ್ಲಿನ ಚಿತ್ರದಲ್ಲಿ 1900ನೇ ಇಸವಿಯಲ್ಲಿ ಪಿಕ್ನಿಕ್ಕಿಗೆ ಬಂದ ಶಾಲೆಯ ಹುಡುಗಿಯರು ಬಂಡೆಗಳ ನಡುವೆ ಹೋದವರಲ್ಲಿ ಕೆಲವರು ಮತ್ತೆ ಸಿಗುವುದಿಲ್ಲ. ಯಾಕೆ, ಏನು ಎಂದು ಕೊನೆಗೂ ಹೇಳುವುದಿಲ್ಲ. ನಮ್ಮ ಬಂಡೆಗಳಿಗೆ ಅಂಥ ಮೌನ ಒಗ್ಗುವುದಿಲ್ಲ. ಅಲ್ಲಿ ಕುದುರೆ, ಬಂದೂಕು, ಹಾಡು, ಎಲ್ಲದಕ್ಕೂ ಕೊನೆಗೆ ಲೆಕ್ಕ ಚುಕ್ತಾ. ನಮ್ಮ ತಾತ ಶೂಟಿಂಗಿನ ಕುದುರೆಗಳಿಗೆ ಹುಲ್ಲು ಹಾಕಿದ್ದೆ ಎನ್ನುತ್ತಿದ್ದರು. ರಾಮನಗರದಲ್ಲಿ ಆ ವಯಸ್ಸಿನ ತಾತಂದಿರೆಲ್ಲ ಹಾಗೆ ಹೇಳುತ್ತಾರೆ. ಅಷ್ಟು ಹುಲ್ಲು ತಿಂದಿದ್ದರೆ ಕುದುರೆಗಳು ಓಡುತ್ತಿರಲಿಲ್ಲ.

ಕಲ್ಲಿನ ನೆತ್ತಿಯಲ್ಲಿ ಯಾವುದೋ ಕುಟುಂಬ “ಮಿರಾಂಡಾ!” ಎಂದು ಕೂಗುತ್ತಿತ್ತು. ಕಳೆದುಹೋದ ಹುಡುಗಿಯ ಹೆಸರು ಅದು. ಬಂದವರು ಕೂಗದೆ ಇಳಿಯುವುದಿಲ್ಲವಂತೆ. ನಮ್ಮ ಬೆಟ್ಟದಲ್ಲಿ ಭಾನುವಾರದ ಬೆಂಗಳೂರಿಗರು ‘ಶೋಲೆ’ಯ ಡಕಾಯಿತ ಗಬ್ಬರನ ಹೆಸರು ಕೂಗಿ ರಣಹದ್ದುಗಳ ನಿದ್ದೆ ಕೆಡಿಸುತ್ತಾರೆ. 2012ರಲ್ಲಿ ಅದನ್ನು ರಣಹದ್ದು ಧಾಮ ಎಂದು ಘೋಷಿಸಿದರೂ ಗಂಟಲುಗಳಿಗೆ ಆದೇಶ ತಲುಪಿಲ್ಲ. ಚನ್ನಪಟ್ಟಣದವನು ಇಲ್ಲೂ ಗಬ್ಬರನನ್ನೇ ಕೂಗಿದ. ಯಾರೂ ತಿರುಗಿ ನೋಡಲಿಲ್ಲ.

ಕೆಳಗಿನ ಫಲಕದಲ್ಲಿ ಬೇರೆ ಕಥೆಯಿತ್ತು. ಬಿಳಿಯರು ಬರುವ ಮುಂಚೆ ಮೂಲನಿವಾಸಿಗಳಾದ ವುರುಂಡ್ಜೆರಿ, ಟೌಂಗುರಂಗ್, ಜಾ ಜಾ ವುರುಂಗ್ ಜನ ಸಾವಿರಾರು ವರ್ಷ ಇಲ್ಲಿ ಕೂಡುತ್ತಿದ್ದರು. ಅವರಿಗೆ ಇದು ಙನ್ನೆಲಾಂಗ್. ಸರ್ವೆಯವರು ಬಂದು ಗ್ರೀಕ್ ತತ್ವಜ್ಞಾನಿಯ ಹೆಸರಿನಲ್ಲಿ ಮೌಂಟ್ ಡಯೋಜಿನಿಸ್ ಎಂದು ಬರೆದುಕೊಂಡರು. ಜನ ಅದನ್ನೂ ಬಿಟ್ಟು ಹ್ಯಾಂಗಿಂಗ್ ರಾಕ್ ಅಂದರು. ಓದುತ್ತಿದ್ದ ಪರ್ತಿನ ಹುಡುಗ ಇದ್ದಕ್ಕಿದ್ದಂತೆ, ನಿಮ್ಮ ಬ್ಯಾಂಗಳೂರಿನಲ್ಲಿ ಇಂಥ ಬಂಡೆಗಳಿವೆಯೇ ಎಂದು ಕೇಳಿದ. ಬ್ಯಾಂಗಳೂರಿನಲ್ಲಲ್ಲ, ರಾಮನಗರ ಅಂತ ಊರು, ಹಿಂದೆ ಕ್ಲೋಸ್‌ಪೇಟೆ ಅನ್ನುತ್ತಿದ್ದರು ಎಂದೆ.

ಅವನು ನಿಂತುಬಿಟ್ಟ. “ಕ್ಲೋಸ್‌ಪೇಟ್? ಕ್ಲೋಸ್‌ಪೇಟ್ ಗ್ರಾನೈಟ್?”

ಮೈಸೂರಿನ ಮೊದಲ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಬಂದ ಊರಿನ ಹೆಸರು ಊರಿನಲ್ಲಿ ಅಳಿದು ಎಷ್ಟೋ ಕಾಲವಾಯಿತು. ಭೂವಿಜ್ಞಾನದ ಪುಸ್ತಕಗಳಲ್ಲಿ ಮಾತ್ರ ಅದು ಗಟ್ಟಿಯಾಗಿ ಕೂತಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿ ಗಟ್ಟಿಯಾದ ಶಿಲೆ, ದಕ್ಷಿಣೋತ್ತರ ನೂರಾರು ಕಿಲೋಮೀಟರ್ ಉದ್ದದ ಪಟ್ಟಿ. ನಾವು ನಿಂತಿದ್ದ ಜ್ವಾಲಾಮುಖಿಯ ಕಲ್ಲಿನ ವಯಸ್ಸು ಅರವತ್ತು ಲಕ್ಷ ವರ್ಷವಷ್ಟೇ. ನಮ್ಮದು ಇದರ ನಾನೂರು ಪಟ್ಟು ಹಿರಿಯದು ಎಂದು ಅವನೇ ಲೆಕ್ಕ ಹಾಕಿದ. ಅಷ್ಟು ದಿನ ಬಾಯಿ ಬಿಡದಿದ್ದ ಊರಿನ ಹೆಸರನ್ನು ಸಾವಿರಾರು ಮೈಲಿಯಾಚೆಯ ಹುಡುಗನೊಬ್ಬ ಪರೀಕ್ಷೆಗೆ ಬಾಯಿಪಾಠ ಮಾಡಿದ್ದ. ಮಾಗಡಿಗೆ ತಡೆಯಲಾಗಲಿಲ್ಲ. ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ ಮಾಡಿದಾಗ ಗುಹೆಯ ದೃಶ್ಯಗಳನ್ನು ತೆಗೆದದ್ದು ಸಾವನದುರ್ಗದಲ್ಲಿ, ಅದರ ನಾಯಕಿ ಜೂಡಿ ಡೇವಿಸ್ ನಿಮ್ಮ ಪರ್ತಿನವಳೇ ಎಂದು ಕೊಚ್ಚಿಕೊಂಡ. ಹುಡುಗನಿಗೆ ಸಿನಿಮಾದಲ್ಲಿ ಆಸಕ್ತಿಯಿರಲಿಲ್ಲ. ಸಾವನದುರ್ಗ ಯಾವ ಕಲ್ಲು ಎಂದಷ್ಟೇ ಕೇಳಿದ.

ಅವತ್ತಿನಿಂದ ನಾವು ಧೈರ್ಯವಾಗಿ ಊರಿನ ಹೆಸರು ಹೇಳತೊಡಗಿದೆವು. ಚನ್ನಪಟ್ಟಣದವನು ಗ್ರಂಥಾಲಯದ ಕೌಂಟರಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಬರೆಸಿದ. ಅಷ್ಟರಲ್ಲಿ ಮೇ ತಿಂಗಳು ಬಂತು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬಿಡಿಸಿ ಮಾಡಿದ್ದ, ನಮ್ಮ ನಾಲ್ಕೂ ತಾಲ್ಲೂಕುಗಳ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ ಸಂಪುಟದಲ್ಲಿ ತೀರ್ಮಾನಿಸಿತು. ಬ್ಯಾಂಗಳೂರ್ ಎಂದು ನಾವು ಹೇಳುತ್ತಿದ್ದುದು ಕೂತಲ್ಲೇ ನಿಜವಾಗಿಹೋಯಿತು. ಬೆಂಗಳೂರಿನ ಹೆಸರಿದ್ದರೆ ಬಂಡವಾಳ ಬರುತ್ತದೆ, ಜಮೀನಿಗೆ ಬೆಲೆ ಬರುತ್ತದೆ ಎನ್ನುವುದು ವಾದ. ಬೆಲೆ ಬರುವುದು ಮಾರುವವನಿಗೆ. ಹಿಪ್ಪುನೇರಳೆ ಬೆಳೆಯುವವನಿಗೆ ಅದರಿಂದೇನು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕನಕಪುರದವನು, “ಗೂಡಿನ ರೇಟು ಜಾಸ್ತಿ ಆಯ್ತದಾ ಕೇಳು” ಅಂದು ಹೊದ್ದು ಮಲಗಿದ.

ಮಾಗಡಿಯವನು ಮಾತ್ರ ಸೋಫಾ ಬಿಟ್ಟೆದ್ದು ನಿಂತ. ಮಾಗಡಿ ಇರುವುದು ಬೆಂಗಳೂರಿಗೆ ಪಶ್ಚಿಮಕ್ಕೆ, ದಕ್ಷಿಣ ಅನ್ನುವವರಿಗೆ ಸೂರ್ಯ ಮುಳುಗುವುದು ಯಾವ ಕಡೆ ಗೊತ್ತಿಲ್ಲವೇ ಎಂದು ಗುಡುಗಿದ. ಬೆಂಗಳೂರನ್ನು ಕಟ್ಟಿದವರೇ ನಾವು, ಮಾಗಡಿ ಕೆಂಪೇಗೌಡರು ಅಂತಲೇ ಜನ ಅನ್ನುವುದು. ಬೆಂಗಳೂರು ಕಟ್ಟಿದ ಕೆಂಪೇಗೌಡರು ಯಲಹಂಕದವರು, 1638ರಲ್ಲಿ ಬಿಜಾಪುರದವರು ಬೆಂಗಳೂರು ಕಿತ್ತುಕೊಂಡ ಮೇಲಷ್ಟೇ ಆ ಮನೆತನ ಮಾಗಡಿಗೆ ಬಂದದ್ದು ಎಂದು ನೆನಪಿಸಿದೆ. ಕೇಳಿಸಿಕೊಳ್ಳಲಿಲ್ಲ.

“ಹೆಸರು ಬದಲಾಯಿಸೋದೇ ಆದ್ರೆ ಬೆಂಗಳೂರಿಗೆ ಬದಲಾಯಿಸ್ಲಿ. ಮಾಗಡಿ ಪೂರ್ವ ಅಂತ.”

“ಬದಲಾಯಿಸ್ತಾರೆ,” ಅಂತು ಹೊದಿಕೆಯೊಳಗಿಂದ ಕನಕಪುರ. “ಇವತ್ತು ಪಾತ್ರೆ ನಿಂದು.”