ಬಾವಿಗೆ ಬಿದ್ದ ಎತ್ತು

ನಮ್ಮ ಆವರಗೆರೆ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡ್ತಿರಲಿಲ್ಲ. ಅದು ಬಸವಣ್ಣನ ವಾರ. ಹದ ಮಳೆ ಬಿದ್ದು ಬಿತ್ತನೆಗೆ ಅವಸರ ಇದ್ರೂ ಅಜ್ಜ "ಇವತ್ತು ಆಗಂಗಿಲ್ಲ" ಅಂದ್ರೆ ಮುಗೀತು. ಈಗ ಆವರಗೆರೆ ದಾವಣಗೆರೆಯೊಳಗೇ ಸೇರಿಹೋಗಿದೆ, ಉಳುಮೆ ಟ್ರ್ಯಾಕ್ಟರಿನದು. ಟ್ರ್ಯಾಕ್ಟರಿಗೆ ಸೋಮವಾರ ಇಲ್ಲ.

ಇದನ್ನೆಲ್ಲ ನೆನಪಿಸಿದ್ದು ಹರಿಹರದ ಗೆಳೆಯ. ನಮ್ಮ ಟೀಮಿನವನೇ, ಕ್ರಿಶ್ಚಿಯನ್. ಹರಿಹರದ ಆರೋಗ್ಯ ಮಾತೆ ಚರ್ಚು ಗೊತ್ತಲ್ಲ, ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಜಾತಿ, ಧರ್ಮದವರೂ ಮೇಣದ ಬತ್ತಿ ಹಿಡ್ಕೊಂಡು ಹೋಗ್ತಾರೆ. ನಾವೂ ಹೋಗ್ತಿದ್ವಿ. ಈ ಗೆಳೆಯ ಭಾನುವಾರದ ಆನ್‌ಕಾಲ್ ತಗೊಳ್ಳಲ್ಲ. ಬದಲಿಗೆ ಯುಗಾದಿ, ದೀಪಾವಳಿ ಎರಡೂ ಅವನದೇ. ಹೋದ ವರ್ಷ ದೊಡ್ಡದೊಂದು ರಿಲೀಸ್ ಭಾನುವಾರಕ್ಕೆ ಬಿತ್ತು. ಆಗಲ್ಲ ಅಂದ. ಮುಂದೆ ಲೀಡ್ ಜಾಗ ಬೇರೆಯವರಿಗೆ ಹೋಯ್ತು. ಅದಕ್ಕೆ ಇದೇ ಕಾರಣ ಅಂತ ಯಾರೂ ಬರೆದು ಕೊಡಲ್ಲ ಬಿಡಿ.

"ಎರಡು ತಾಸು ಚರ್ಚಿಗೆ ಹೋಗಿಬಂದು ಲ್ಯಾಪ್‌ಟಾಪ್ ತೆಗೀಬಹುದಿತ್ತಲ್ಲಲೇ" ಅಂದೆ.

"ಚರ್ಚು ಅರ್ಧ. ಉಳಿದರ್ಧ ಸುಮ್ನಿರೋದು" ಅಂದ.

ಆಮೇಲೆ ಬೈಬಲ್ ತೆಗೆದು ನೋಡಿದೆ. ಹತ್ತು ಆಜ್ಞೆಗಳು ಅದರಲ್ಲಿ ಎರಡು ಕಡೆ ಬರ್ತವೆ. ಸಬ್ಬತ್ ದಿನ ಯಾಕೆ ಅನ್ನೋದಕ್ಕೆ ಎರಡೂ ಕಡೆ ಬೇರೆ ಬೇರೆ ಕಾರಣ. ವಿಮೋಚನಕಾಂಡದಲ್ಲಿ, ದೇವರು ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ವಿಶ್ರಮಿಸಿದ ಅನ್ನೋದು. ಧರ್ಮೋಪದೇಶಕಾಂಡದಲ್ಲಿ, ನೀವು ಐಗುಪ್ತದಲ್ಲಿ ಗುಲಾಮರಾಗಿದ್ದವರು, ಮರೀಬೇಡಿ ಅನ್ನೋದು. ನನಗೆ ಹಿಡಿಸಿದ್ದು ಈ ಎರಡನೆಯದು. ಗುಲಾಮನಿಗೆ ವಾರದ ರಜೆ ಎಲ್ಲಿಂದ ಬರಬೇಕು? ಅಲ್ಲಿ ರಜೆ ಯಜಮಾನನಿಗಷ್ಟೇ ಅಲ್ಲ. ಆಳಿಗೆ, ಪರದೇಶಿಗೆ, ಎತ್ತಿಗೆ, ಕತ್ತೆಗೆ ಕೂಡ. ಎತ್ತು ಅಂತ ಓದಿದಾಗ ಅಜ್ಜನ ಸೋಮವಾರ ಕಣ್ಮುಂದೆ ಬಂತು.

ಯೇಸು ಎದ್ದುಬಂದ ದಿನ ಅಂತ ಕ್ರೈಸ್ತರು ಭಾನುವಾರವನ್ನ ಹಿಡಿದರು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಅದನ್ನ ರಜೆ ಅಂತ ಸಾರಿದಾಗಲೂ ರೈತರು ಮಾತ್ರ ಹೊಲದ ಕೆಲಸ ಮಾಡಬಹುದು ಅಂತ ಬಿಟ್ಟಿದ್ದ. ಹದ ತಪ್ಪಿದ್ರೆ ಏನಾಗುತ್ತೆ ಅಂತ ಅವನಿಗೂ ಗೊತ್ತಿತ್ತು ಅನ್ಸುತ್ತೆ.

ಹಾಗಂತ ಗೆಳೆಯನದು ಕಲ್ಲಿನಂಥ ನಿಯಮವೇನಲ್ಲ. ಯೇಸುವೇ ಸಬ್ಬತ್ ದಿನ ರೋಗಿಗಳನ್ನ ವಾಸಿಮಾಡಿ ಬೈಸಿಕೊಂಡವನು. ನಿಮ್ಮ ಎತ್ತು ಬಾವಿಗೆ ಬಿದ್ರೆ ಅವತ್ತೇ ಎತ್ತಲ್ವಾ ಅಂತ ಕೇಳಿದವನು. ಗೆಳೆಯನ ಲೆಕ್ಕವೂ ಅದೇ: "ಸರ್ವರ್ ನಿಜವಾಗ್ಲೂ ಬಾವಿಗೆ ಬಿದ್ರೆ ಕರಿ, ಬರ್ತೀನಿ. ಆದ್ರೆ ಈ ರಿಲೀಸು ಬಿದ್ದ ಎತ್ತಲ್ಲಲೇ, ಮ್ಯಾನೇಜರ್ ತಳ್ಳಿದ್ದು."

ಕಾಯಕದ ಮಾತು ಕೇಳ್ತಾ ಬೆಳೆದ ನನಗೆ, ಸುಮ್ಮನಿರೋದೂ ಭಕ್ತಿ ಅನ್ನೋದು ಇನ್ನೂ ಪೂರ್ತಿ ಒಗ್ಗಿಲ್ಲ. ಇನ್ನೊಂದು ತಕರಾರೂ ಇದೆ. ಆ ಆಜ್ಞೆಯ ಪಟ್ಟಿಯಲ್ಲಿ ಮಗ, ಮಗಳು, ಆಳು ಎಲ್ಲ ಇದ್ದಾರೆ, ಹೆಂಡತಿ ಅನ್ನೋ ಪದವೇ ಇಲ್ಲ. ನಮ್ಮಲ್ಲೂ ಸೋಮವಾರ ಎತ್ತು ಮಲಗಿರ್ತಿತ್ತು, ಅವ್ವ ರೊಟ್ಟಿ ಬಡೀತಿದ್ಲು.

ಇದನ್ನ ಗೆಳೆಯನಿಗೆ ಹೇಳಿದಾಗ ನಕ್ಕ. ಅವರ ಮನೇಲಿ ಶನಿವಾರ ರಾತ್ರಿ ಅವನೇ ಸಾರು ಮಾಡಿಡ್ತಾನಂತೆ, ಭಾನುವಾರ ಬಿಸಿ ಮಾಡೋದಷ್ಟೇ. ಮನೆಗೆ ಬಂದು ಹೆಂಡತಿ ಹತ್ರ ಸಬ್ಬತ್ತಿನ ಬಗ್ಗೆ ಅರ್ಧ ತಾಸು ಹೇಳಿದೆ. ಕೇಳಿಸ್ಕೊಂಡು, "ಸರಿ, ಶನಿವಾರದ ಸಾರು ಯಾವಾಗಿಂದ?" ಅಂದ್ಲು.